ಇಂಡಿಕೇಟರ್ ಮಿನುಗುವುದು ಹೇಗೆ? ನಾಲ್ಕೂ ಮಿನುಗಿದರೆ ಅರ್ಥವೇನು?

ಸಿಗ್ನಲ್ ದೀಪವಿಲ್ಲದ, ನಾಲ್ಕು ರಸ್ತೆಗಳು ಕೂಡುವ ಒಂದು ಸ್ಥಳವನ್ನು ಕಲ್ಪಿಸಿಕೊಳ್ಳಿ. ಕಾರೊಂದು ಅಲ್ಲಿ ನೇರವಾಗಿ ಸಾಗಬೇಕಾಗಿದೆ. ಅದನ್ನು ಇತರರಿಗೆ ತಿಳಿಸಲೆಂದು ಚಾಲಕರು ಡ್ಯಾಶ್‌ಬೋರ್ಡಿನ ಮೇಲಿರುವ ಕೆಂಪು ತ್ರಿಕೋನದ ಗುಂಡಿಯನ್ನು ಒತ್ತುತ್ತಾರೆ. ನಾಲ್ಕೂ ಮೂಲೆಯ ದೀಪಗಳು ಒಟ್ಟಿಗೆ ಮಿನುಗತೊಡಗುತ್ತವೆ. ಎಡಗಡೆಯ ರಸ್ತೆಯಲ್ಲಿ ಕಾಯುತ್ತಿರುವ ಸ್ಕೂಟರ್ ಸವಾರರಿಗೆ ಕಾಣುವ ದೃಶ್ಯವೇ ಬೇರೆ. ಕಾರಿನ ಮುಂದಿರುವ ಆಟೋರಿಕ್ಷಾ ಅದರ ಬಲ ಅರ್ಧವನ್ನು ಮರೆಮಾಡಿರುವುದರಿಂದ ಅವರ ಕಣ್ಣಿಗೆ ಬೀಳುವುದು ಎಡದ ದೀಪವೊಂದೇ. ಕಾರು ಎಡಕ್ಕೆ, ತಮ್ಮ ರಸ್ತೆಗೇ ತಿರುಗುತ್ತದೆ ಎಂದು ನಂಬಿ ಅವರು ಸ್ಕೂಟರನ್ನು ಮುಂದಕ್ಕೆ ಚಲಾಯಿಸುತ್ತಾರೆ. ಕಾರು ತಿರುಗುವುದಿಲ್ಲ.

ಇಲ್ಲಿ ಯಾವ ದೀಪವೂ ಕೆಟ್ಟಿಲ್ಲ. ಚಾಲಕರ ಉದ್ದೇಶವೂ ಒಳ್ಳೆಯದೇ. ಆದರೂ ಸಂದೇಶ ತಪ್ಪಾಗಿ ತಲುಪಿತು. ಇದಕ್ಕೆ ಕಾರಣ ಆ ದೀಪಗಳ ವಿದ್ಯುತ್ ಜೋಡಣೆಯಲ್ಲಿಯೇ ಅಡಗಿದೆ. ಇಂಡಿಕೇಟರ್ ಎಂದು ನಾವೆಲ್ಲ ಕರೆಯುವ ದಿಕ್ಸೂಚಕ ದೀಪಗಳೂ, ಅಪಾಯ ಸೂಚನೆಗೆಂದು ಬಳಸುವ ಹಜಾರ್ಡ್ ದೀಪಗಳೂ ಪ್ರತ್ಯೇಕ ದೀಪಗಳಲ್ಲ. ಅದೇ ಬಲ್ಬುಗಳನ್ನು, ಸಾಮಾನ್ಯವಾಗಿ ಅದೇ ಫ್ಲಾಷರನ್ನು, ಎರಡು ಬೇರೆ ಸ್ವಿಚ್ಚುಗಳು ಎರಡು ಬೇರೆ ಅರ್ಥಗಳಲ್ಲಿ ದುಡಿಸಿಕೊಳ್ಳುತ್ತವೆ. ಒಂದು ಅರ್ಥ ಚಾಲ್ತಿಯಲ್ಲಿರುವಾಗ ಇನ್ನೊಂದು ಅಳಿಸಿಹೋಗುತ್ತದೆ. ಈ ವ್ಯವಸ್ಥೆ ಒಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿತರೆ, ಅದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ನಿಮಿಷಕ್ಕೆ ಎಷ್ಟು ಬಾರಿ?

ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ತಿರುಗುವ ಸೂಚನೆಯನ್ನು ಕೈಚಾಚಿ ನೀಡಲಾಗುತ್ತಿತ್ತು. ಅನಂತರ ಯುರೋಪಿನ ಅನೇಕ ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ಹೊರಚಾಚುವ, ಒಳಗೆ ದೀಪವಿರುವ ಪುಟ್ಟ ತೋಳುಗಳು ಬಂದವು. ಇವುಗಳಿಗೆ ಟ್ರಾಫಿಕೇಟರ್ ಎಂಬ ಹೆಸರಿತ್ತು. ಅಮೆರಿಕದ ಬ್ಯುಯಿಕ್ ಸಂಸ್ಥೆಯು 1939ರ ಮಾದರಿಯ ಕಾರುಗಳಲ್ಲಿ ಮಿನುಗುವ ವಿದ್ಯುತ್ ದೀಪಗಳನ್ನು ಅಳವಡಿಸಿತು. ಕ್ರಮೇಣ ಜಗತ್ತಿನಾದ್ಯಂತ ಈ ಪದ್ಧತಿಯೇ ನೆಲೆಯೂರಿತು.

ದೀಪ ಮಿನುಗಲೇಬೇಕೆ? ಸ್ಥಿರವಾಗಿ ಉರಿದರೆ ಸಾಲದೆ? ನಮ್ಮ ಕಣ್ಣು ಬದಲಾವಣೆಯನ್ನು ಬಹುಬೇಗ ಗುರುತಿಸುತ್ತದೆ. ದೃಷ್ಟಿಯ ಅಂಚಿನಲ್ಲಿ ಮಿನುಗುವ ದೀಪ ತಕ್ಷಣ ಗಮನ ಸೆಳೆಯುತ್ತದೆ. ಸ್ಥಿರವಾಗಿ ಉರಿಯುವ ದೀಪವಾದರೋ ಇತರ ದೀಪಗಳ ಸಾಲಿನಲ್ಲಿ ಬೆರೆತುಹೋಗುತ್ತದೆ. ಮಿನುಗುವ ವೇಗಕ್ಕೂ ಮಿತಿಯುಂಟು. ತೀರ ನಿಧಾನವಾದರೆ, ಹಿಂದಿನವರು ಕಣ್ಣು ಹಾಯಿಸಿದ ಕ್ಷಣದಲ್ಲಿ ದೀಪ ಆರಿರುವ ಸಂಭವ ಹೆಚ್ಚು. ತೀರ ವೇಗವಾದರೆ, ಬಲ್ಬಿನ ತಂತಿಗೆ ಪೂರ್ಣವಾಗಿ ಕಾಯಲೂ ಆರಲೂ ಸಮಯ ಸಿಗುವುದಿಲ್ಲ. ಆಗ ಬೆಳಕು ಮತ್ತು ಕತ್ತಲೆಗಳ ನಡುವಿನ ವ್ಯತ್ಯಾಸವೇ ಮಂಕಾಗುತ್ತದೆ.

ನಮ್ಮ ದೇಶದ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989, ದಿಕ್ಸೂಚಕ ದೀಪವು ಅಂಬರ್ ಬಣ್ಣದ್ದಾಗಿರಬೇಕು, ಅಂದರೆ ಕಿತ್ತಳೆಯತ್ತ ವಾಲುವ ಹಳದಿಯಾಗಿರಬೇಕು ಎಂದು ಹೇಳುತ್ತವೆ. ಅದು ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕೆಂದೂ ವಿಧಿಸುತ್ತವೆ. ವಾಹನ ದೀಪಗಳ ಅಳವಡಿಕೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ 48ನೇ ನಿಯಮಾವಳಿಯೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ: ನಿಮಿಷಕ್ಕೆ 90, ಅದರಿಂದ ಆಚೀಚೆ 30. ನಮ್ಮ ಕಾರುಗಳಲ್ಲಿ ಕೇಳಿಬರುವ ‘ಟಿಕ್ ಟಿಕ್’ ಸದ್ದು ಸೆಕೆಂಡಿಗೆ ಸುಮಾರು ಒಂದೂವರೆ ಮಿನುಗಿನ ಲಯದಲ್ಲಿರುವುದು ಈ ಕಾರಣದಿಂದ.

ಬಿಸಿಯಾಗಿ ಬಾಗುವ ಪಟ್ಟಿ

ದೀಪವನ್ನು ಹೊತ್ತಿಸಿ ಆರಿಸುವ ಸಾಧನಕ್ಕೆ ಫ್ಲಾಷರ್ ಎಂದು ಹೆಸರು. ದಶಕಗಳ ಕಾಲ ಅದರಲ್ಲಿ ಯಾವುದೇ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಲೋಹದ ಡಬ್ಬಿಯೊಳಗೆ ಒಂದು ದ್ವಿಲೋಹ ಪಟ್ಟಿ, ಅಂದರೆ ಎರಡು ಬೇರೆ ಲೋಹಗಳನ್ನು ಬೆಸೆದು ಮಾಡಿದ ತೆಳು ಪಟ್ಟಿ ಇರುತ್ತಿತ್ತು. ಬಿಸಿಯಾದಾಗ ಒಂದು ಲೋಹ ಮತ್ತೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ.

ಇದರ ಸರಳ ವಿಧವೊಂದರಲ್ಲಿ ಬಲ್ಬುಗಳಿಗೆ ಹೋಗುವ ವಿದ್ಯುತ್ತೇ ಈ ಪಟ್ಟಿಯನ್ನು ಕಾಯಿಸುತ್ತದೆ. ಕಾದ ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ, ದೀಪ ಆರುತ್ತದೆ. ವಿದ್ಯುತ್ ನಿಂತೊಡನೆ ಪಟ್ಟಿ ತಣ್ಣಗಾಗಿ ಮೊದಲಿನ ಸ್ಥಾನಕ್ಕೆ ಮರಳುತ್ತದೆ, ದೀಪ ಮತ್ತೆ ಹೊತ್ತುತ್ತದೆ. ಕೇವಲ ಬಿಸಿ ಮತ್ತು ತಂಪಿನ ಆಟದಿಂದ ನಡೆಯುವ ಈ ವ್ಯವಸ್ಥೆ ಅಗ್ಗವೂ ಸರಳವೂ ಆಗಿತ್ತು. ಆದರೆ ಅದರ ಲಯವನ್ನು ನಂಬುವಂತಿರಲಿಲ್ಲ. ಬ್ಯಾಟರಿ ದುರ್ಬಲವಾದರೆ, ಹೊರಗಿನ ಹವೆ ಬದಲಾದರೆ, ಟ್ರೇಲರ್ ಜೋಡಿಸಿ ಹೆಚ್ಚು ಬಲ್ಬು ಸೇರಿಸಿದರೆ ಮಿನುಗಿನ ವೇಗವೂ ಬದಲಾಗುತ್ತಿತ್ತು. ಒಂದು ಬಲ್ಬು ಸುಟ್ಟುಹೋದಾಗ ಪಟ್ಟಿಯನ್ನು ಕಾಯಿಸುವಷ್ಟು ವಿದ್ಯುತ್ ಹರಿಯದೆ, ಉಳಿದ ಬಲ್ಬು ಮಿನುಗದೆ ಸುಮ್ಮನೆ ಉರಿಯುತ್ತ ನಿಲ್ಲುವುದೂ ಇತ್ತು.

ಕೆಪಾಸಿಟರ್ ಎಂಬ ಗಡಿಯಾರ

ಎಲೆಕ್ಟ್ರಾನಿಕ್ ಫ್ಲಾಷರಿನಲ್ಲಿ ಸಮಯ ಅಳೆಯುವ ಕೆಲಸವು ಎರಡು ಪುಟ್ಟ ಬಿಡಿಭಾಗಗಳದ್ದು. ವಿದ್ಯುತ್ ಹರಿವಿಗೆ ತಡೆಯೊಡ್ಡುವ ರೆಸಿಸ್ಟರ್ ಒಂದು. ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇನ್ನೊಂದು. ಸಣ್ಣ ನಲ್ಲಿಯಿಂದ ತೊಟ್ಟಿ ತುಂಬುವುದನ್ನು ನೆನಪಿಸಿಕೊಳ್ಳಿ. ನಲ್ಲಿ ಎಷ್ಟು ಬಿಗಿಯಾಗಿದೆ, ತೊಟ್ಟಿ ಎಷ್ಟು ದೊಡ್ಡದು ಎಂಬುದರ ಮೇಲೆ ತುಂಬುವ ಕಾಲ ನಿರ್ಧಾರವಾಗುತ್ತದೆ. ಇಲ್ಲಿ ನಲ್ಲಿಯ ಬಿಗಿಯೇ ರೆಸಿಸ್ಟರ್, ತೊಟ್ಟಿಯೇ ಕೆಪಾಸಿಟರ್.

ಕೆಪಾಸಿಟರಿನ ವೋಲ್ಟೇಜ್ ಒಂದು ಮೇಲಿನ ಮಟ್ಟ ಮುಟ್ಟಿದೊಡನೆ ಮಂಡಲ ಅದನ್ನು ಖಾಲಿ ಮಾಡಲಾರಂಭಿಸುತ್ತದೆ. ಕೆಳಗಿನ ಮಟ್ಟಕ್ಕೆ ಇಳಿದೊಡನೆ ಮತ್ತೆ ತುಂಬಲಾರಂಭಿಸುತ್ತದೆ. ತುಂಬುವ ಅವಧಿಯಲ್ಲಿ ದೀಪ ಹೊತ್ತಿರುತ್ತದೆ, ಖಾಲಿಯಾಗುವ ಅವಧಿಯಲ್ಲಿ ಆರಿರುತ್ತದೆ. ಈ ತತ್ತ್ವವನ್ನು ಅರಿಯಲು 555 ಎಂಬ ಟೈಮರ್ ಐ.ಸಿ.ಗಿಂತ ಒಳ್ಳೆಯ ಉದಾಹರಣೆ ಸಿಗದು. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ತಂತ್ರಜ್ಞರು ಸಿಗ್ನೆಟಿಕ್ಸ್ ಸಂಸ್ಥೆಗಾಗಿ 1971ರಲ್ಲಿ ರೂಪಿಸಿದ ಈ ಚಿಪ್ 1972ರಲ್ಲಿ ಮಾರುಕಟ್ಟೆಗೆ ಬಂತು. ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅದು ಚಿರಪರಿಚಿತ.

555ರಲ್ಲಿ ಮೇಲಿನ ಮಟ್ಟವು ಪೂರೈಕೆಯ ವೋಲ್ಟೇಜಿನ ಮೂರರಲ್ಲಿ ಎರಡು ಭಾಗ, ಕೆಳಗಿನ ಮಟ್ಟ ಮೂರರಲ್ಲಿ ಒಂದು ಭಾಗ. ಕೆಪಾಸಿಟರ್ ಎರಡು ರೆಸಿಸ್ಟರುಗಳ ಮೂಲಕ ತುಂಬುತ್ತದೆ, ಅವುಗಳಲ್ಲಿ ಒಂದರ ಮೂಲಕ ಮಾತ್ರ ಖಾಲಿಯಾಗುತ್ತದೆ. ಮೊದಲ ರೆಸಿಸ್ಟರ್ 1 ಕಿಲೋ ಓಮ್, ಎರಡನೆಯದು 47 ಕಿಲೋ ಓಮ್, ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳೋಣ. ತುಂಬಲು ಸೆಕೆಂಡಿನ ಮೂರನೇ ಒಂದು ಭಾಗ, ಖಾಲಿಯಾಗಲು ಸರಿಸುಮಾರು ಅಷ್ಟೇ ಕಾಲ ಹಿಡಿಯುತ್ತದೆ. ಹೀಗಾಗಿ ನಿಮಿಷಕ್ಕೆ ಸುಮಾರು 91 ಮಿನುಗು ಸಿಗುತ್ತದೆ. ಕಾನೂನು ಹೇಳುವ ಮಿತಿಯ ನಡುಮಧ್ಯಕ್ಕೆ ಇದು ಬಂದು ಕೂರುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಎಂಜಿನ್ ನಿಂತಿರುವಾಗ ಬ್ಯಾಟರಿಯ ವೋಲ್ಟೇಜ್ ಸುಮಾರು 12.6. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14ರ ಆಸುಪಾಸಿಗೆ ಏರಿಸುತ್ತದೆ. ದ್ವಿಲೋಹ ಪಟ್ಟಿಗೆ ಇದು ದೊಡ್ಡ ವ್ಯತ್ಯಾಸ. ಆದರೆ 555ರ ಎರಡೂ ಮಟ್ಟಗಳು ಪೂರೈಕೆಯ ವೋಲ್ಟೇಜಿನ ಭಾಗಗಳೇ ಆಗಿರುವುದರಿಂದ, ವೋಲ್ಟೇಜ್ ಏರಿದರೆ ಅವೂ ಏರುತ್ತವೆ, ಲಯ ಮಾತ್ರ ಬದಲಾಗುವುದಿಲ್ಲ. ವಾಹನಗಳಿಗೆಂದೇ ತಯಾರಾಗುವ ಫ್ಲಾಷರ್ ಐ.ಸಿ.ಗಳೂ ರೆಸಿಸ್ಟರ್ ಮತ್ತು ಕೆಪಾಸಿಟರುಗಳ ಇದೇ ತತ್ತ್ವವನ್ನು ಅನುಸರಿಸುತ್ತವೆ.

ಆದರೆ ಇಂಥ ಚಿಪ್ಪಿಗೆ ಬಲ್ಬನ್ನು ನೇರವಾಗಿ ಉರಿಸುವ ಶಕ್ತಿಯಿಲ್ಲ. ಕಾರಿನ ಒಂದು ಇಂಡಿಕೇಟರ್ ಬಲ್ಬು ಸಾಮಾನ್ಯವಾಗಿ 21 ವ್ಯಾಟಿನದು. 12 ವೋಲ್ಟಿನಲ್ಲಿ ಅದು 1.75 ಆಂಪಿಯರ್ ಎಳೆಯುತ್ತದೆ. ಒಂದು ಬದಿಯ ಮುಂದಿನ ಮತ್ತು ಹಿಂದಿನ ಬಲ್ಬುಗಳೆರಡೂ ಸೇರಿದರೆ 3.5 ಆಂಪಿಯರ್. ತಣ್ಣಗಿರುವ ಬಲ್ಬಿನ ತಂತಿಯ ರೋಧ ತೀರ ಕಡಿಮೆಯಾದ್ದರಿಂದ ಹೊತ್ತಿಕೊಳ್ಳುವ ಮೊದಲ ಕ್ಷಣದಲ್ಲಿ ಇದರ ಅನೇಕ ಪಟ್ಟು ವಿದ್ಯುತ್ ನುಗ್ಗುತ್ತದೆ. 555 ಕೊಡಬಲ್ಲದ್ದು ಹೆಚ್ಚೆಂದರೆ 0.2 ಆಂಪಿಯರ್. ಆದುದರಿಂದ ಚಿಪ್ ಒಂದು ರಿಲೇಯನ್ನು ಮಾತ್ರ ಆಡಿಸುತ್ತದೆ. ರಿಲೇ ಎಂದರೆ ತಾಮ್ರದ ತಂತಿಯ ಸುರುಳಿಯಿಂದಾದ ವಿದ್ಯುತ್ಕಾಂತ ಮತ್ತು ಅದರ ಸೆಳೆತಕ್ಕೆ ಮುಚ್ಚಿ ತೆರೆಯುವ ಒಂದು ಸಂಪರ್ಕ. ಸುರುಳಿಯಲ್ಲಿ ಅಲ್ಪ ವಿದ್ಯುತ್ ಹರಿದರೆ ಸಾಕು, ಸಂಪರ್ಕದ ಮೂಲಕ ಬಲ್ಬುಗಳಿಗೆ ಬೇಕಾದ ದೊಡ್ಡ ವಿದ್ಯುತ್ ಹರಿಯುತ್ತದೆ. ‘ಟಿಕ್ ಟಿಕ್’ ಎನ್ನುವುದು ಆ ಸಂಪರ್ಕದ ಲೋಹದ ನಾಲಿಗೆ ಬಡಿಯುವ ಸದ್ದು. ಯಾಂತ್ರಿಕ ಕಾರಣದಿಂದ ಹುಟ್ಟಿದ ಈ ಸದ್ದೇ, ಇಂಡಿಕೇಟರ್ ಚಾಲೂ ಇದೆ ಎಂದು ಚಾಲಕರಿಗೆ ನೆನಪಿಸುವ ಉಪಯುಕ್ತ ಎಚ್ಚರಿಕೆಯೂ ಆಯಿತು.

ಬಲ್ಬು ಸುಟ್ಟರೆ ಫ್ಲಾಷರಿಗೆ ಅವಸರ

ಒಂದು ಬದಿಯ ಇಂಡಿಕೇಟರ್ ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗದಲ್ಲಿ ಮಿನುಗಿದ್ದನ್ನು ಬಹುತೇಕ ಚಾಲಕರು ಕಂಡಿರುತ್ತಾರೆ. ಅದು ಫ್ಲಾಷರಿನ ದೋಷವೆಂದು ಭಾವಿಸಿ ಅದನ್ನೇ ಬದಲಿಸುವವರುಂಟು. ವಾಸ್ತವವಾಗಿ ಫ್ಲಾಷರ್ ತನ್ನ ಕರ್ತವ್ಯವನ್ನೇ ಮಾಡುತ್ತಿರುತ್ತದೆ: ಆ ಬದಿಯ ಒಂದು ಬಲ್ಬು ಸುಟ್ಟಿದೆ ಎಂದು ಅದು ಸಾರುತ್ತಿದೆ. ಚಾಲಕರ ಸ್ಥಾನದಲ್ಲಿ ಕುಳಿತವರಿಗೆ ಹಿಂದಿನ ಬಲ್ಬು ಕಾಣುವುದಿಲ್ಲವಾದ್ದರಿಂದ ಈ ಎಚ್ಚರಿಕೆ ಅತ್ಯಗತ್ಯ.

ಫ್ಲಾಷರಿಗೆ ಇದು ತಿಳಿಯುವ ಬಗೆ ಸ್ವಾರಸ್ಯಕರ. ಬಲ್ಬುಗಳಿಗೆ ಹೋಗುವ ವಿದ್ಯುತ್ತಿನ ಹಾದಿಯಲ್ಲಿ ಅತ್ಯಲ್ಪ ರೋಧದ ಒಂದು ಲೋಹದ ತುಣುಕನ್ನು ಇರಿಸಿರುತ್ತಾರೆ. ಇದಕ್ಕೆ ಷಂಟ್ ಎಂದು ಹೆಸರು. ಉದಾಹರಣೆಗೆ ಅದರ ರೋಧ ಓಮಿನ ಸಾವಿರದಲ್ಲಿ 20 ಭಾಗ ಎಂದಿಟ್ಟುಕೊಳ್ಳಿ. ಎರಡೂ ಬಲ್ಬುಗಳು ಉರಿಯುವಾಗ 3.5 ಆಂಪಿಯರ್ ಹರಿದು ಅದರ ಎರಡು ತುದಿಗಳ ನಡುವೆ 70 ಮಿಲಿವೋಲ್ಟ್ ಕಾಣುತ್ತದೆ. ಒಂದು ಬಲ್ಬು ಸುಟ್ಟರೆ ವಿದ್ಯುತ್ ಅರ್ಧಕ್ಕಿಳಿದು 35 ಮಿಲಿವೋಲ್ಟ್ ಮಾತ್ರ ಉಳಿಯುತ್ತದೆ. ಐ.ಸಿ.ಯೊಳಗಿನ ಹೋಲಿಕೆ ಮಂಡಲವು ಇವೆರಡರ ನಡುವಿನ ಒಂದು ಗೆರೆಯನ್ನು, 50 ಮಿಲಿವೋಲ್ಟ್ ಎನ್ನೋಣ, ಮಾನದಂಡವಾಗಿ ಇಟ್ಟುಕೊಂಡಿರುತ್ತದೆ. ಅದಕ್ಕಿಂತ ಕಡಿಮೆ ಕಂಡರೆ ಕೆಪಾಸಿಟರಿನ ಏರಿಳಿತದ ಮಟ್ಟಗಳನ್ನು ಹತ್ತಿರ ತರುತ್ತದೆ. ಅಂತರ ಕಿರಿದಾದಾಗ ತುಂಬುವ ಮತ್ತು ಖಾಲಿಯಾಗುವ ಕಾಲವೂ ಕಿರಿದಾಗುತ್ತದೆ, ಮಿನುಗು ವೇಗ ಪಡೆಯುತ್ತದೆ. ಹಳೆಯ ಪಟ್ಟಿಯ ಫ್ಲಾಷರಿನಲ್ಲಿ ಆಕಸ್ಮಿಕವಾಗಿದ್ದ ಲಯದ ಬದಲಾವಣೆ, ಎಲೆಕ್ಟ್ರಾನಿಕ್ ಫ್ಲಾಷರಿನಲ್ಲಿ ಉದ್ದೇಶಪೂರ್ವಕ ಸೂಚನೆಯಾಯಿತು.

ಎಲ್‌ಇಡಿ ತಂದ ತೊಡಕು

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗಳಲ್ಲಿ ಎಲ್‌ಇಡಿ ಇಂಡಿಕೇಟರುಗಳಿಗೆ, ವಿಶೇಷವಾಗಿ ಬೈಕ್ ಸವಾರರಲ್ಲಿ, ಬೇಡಿಕೆಯಿದೆ. ಎಲ್‌ಇಡಿಗೆ ಕಾಯುವ ತಂತಿಯಿಲ್ಲ. ಸಾಧಾರಣ ಬಲ್ಬು ಪೂರ್ಣ ಪ್ರಕಾಶಕ್ಕೆ ಬರಲು ಸೆಕೆಂಡಿನ ಸುಮಾರು ಐದನೇ ಒಂದು ಭಾಗ ಬೇಕಾದರೆ, ಎಲ್‌ಇಡಿ ಕಣ್ಣಿಗೆ ತಿಳಿಯದಷ್ಟು ಬೇಗ ಹೊತ್ತುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟು ಕಾಲದಲ್ಲಿ ನಾಲ್ಕು ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಹೀಗಾಗಿ ಎಲ್‌ಇಡಿಯ ಲಾಭ ನಿಜವಾದದ್ದೇ.

ತೊಡಕು ಇರುವುದು ಅದರ ಮಿತವ್ಯಯದಲ್ಲಿ. ಎಲ್‌ಇಡಿ ಬಳಸುವ ವಿದ್ಯುತ್ ಬಲ್ಬಿನ ಸಣ್ಣ ಭಾಗ ಮಾತ್ರ. ಹಳೆಯ ಫ್ಲಾಷರಿನ ಷಂಟ್ ಅದನ್ನು ‘ಬಲ್ಬು ಸುಟ್ಟಿದೆ’ ಎಂದೇ ಓದಿಕೊಂಡು ವೇಗವಾಗಿ ಮಿನುಗಿಸುತ್ತದೆ. ಇದಕ್ಕೆ ಅಂಗಡಿಗಳಲ್ಲಿ ಸಿಗುವ ಸುಲಭ ಪರಿಹಾರವೆಂದರೆ ಪ್ರತಿ ಎಲ್‌ಇಡಿಗೆ ಸಮಾನಾಂತರವಾಗಿ ಒಂದು ಲೋಡ್ ರೆಸಿಸ್ಟರ್ ಜೋಡಿಸುವುದು. 6 ಓಮಿನ ರೆಸಿಸ್ಟರ್ 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆದು, ದೀಪ ಹೊತ್ತಿರುವಷ್ಟು ಹೊತ್ತೂ 24 ವ್ಯಾಟ್ ಶಾಖವನ್ನು ಚೆಲ್ಲುತ್ತದೆ. ಎಲ್‌ಇಡಿ ಉಳಿಸಿದ ವಿದ್ಯುತ್ತೆಲ್ಲ ಹೀಗೆ ಶಾಖವಾಗಿ ಪೋಲಾಗುತ್ತದೆ. ಪ್ಲಾಸ್ಟಿಕ್ ಅಥವಾ ವೈರಿಂಗಿಗೆ ತಾಗಿದಂತೆ ಅದನ್ನು ಅಳವಡಿಸಿದರೆ ಕರಗುವ ಅಪಾಯವೂ ಉಂಟು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದು ದೋಷ. ಎಲ್‌ಇಡಿ ಕೆಟ್ಟುಹೋದರೂ ರೆಸಿಸ್ಟರ್ ವಿದ್ಯುತ್ ಎಳೆಯುತ್ತಲೇ ಇರುವುದರಿಂದ ಫ್ಲಾಷರ್ ಎಲ್ಲವೂ ಸರಿಯಿದೆ ಎಂದೇ ತಿಳಿಯುತ್ತದೆ. ದೀಪ ಆರಿದೆ, ಆದರೆ ಸದ್ದು ಸಹಜವಾಗಿದೆ. ಎಚ್ಚರಿಸಲೆಂದು ಇದ್ದ ವ್ಯವಸ್ಥೆ ಸುಳ್ಳುಸಾಕ್ಷಿ ಹೇಳುವಂತಾಗುತ್ತದೆ. ಎಲ್‌ಇಡಿಗೆಂದೇ ರೂಪಿಸಿದ ಎಲೆಕ್ಟ್ರಾನಿಕ್ ಫ್ಲಾಷರನ್ನು ಹಾಕಿಸುವುದು ಸರಿಯಾದ ಮಾರ್ಗ. ಅಂಥದ್ದರಲ್ಲಿಯೂ ಕೆಲವು ದೀಪ ಕೆಟ್ಟದ್ದನ್ನು ಪತ್ತೆಹಚ್ಚುವುದಿಲ್ಲವಾದ್ದರಿಂದ ಆಗಾಗ ವಾಹನದ ಸುತ್ತ ಒಂದು ಸುತ್ತು ಬಂದು ನೋಡುವುದು ಲೇಸು.

ಕೆಲವು ಹಳೆಯ ಬೈಕುಗಳಲ್ಲಿ ಇನ್ನೊಂದು ವಿಚಿತ್ರವಿದೆ. ಎಲ್‌ಇಡಿ ಹಾಕಿಸಿದ ಮೇಲೆ ಎಡಕ್ಕೆ ಸ್ವಿಚ್ ಒತ್ತಿದರೂ ನಾಲ್ಕೂ ದೀಪಗಳು ಮಿನುಗುತ್ತವೆ. ಕಾರಣ ಇಷ್ಟೆ: ಇಂಥ ಬೈಕುಗಳ ಮೀಟರಿನಲ್ಲಿ ಎರಡೂ ದಿಕ್ಕಿಗೆ ಸೇರಿ ಒಂದೇ ಸೂಚಕ ಬಲ್ಬು ಇದ್ದು, ಅದು ಎಡ ಮತ್ತು ಬಲ ತಂತಿಗಳ ನಡುವೆ ಜೋಡಣೆಯಾಗಿರುತ್ತದೆ. ಎಡದಿಂದ ಬಂದ ಅಲ್ಪ ವಿದ್ಯುತ್ ಸೂಚಕ ಬಲ್ಬನ್ನು ದಾಟಿ ಬಲಬದಿಯ ಬಲ್ಬುಗಳ ಮೂಲಕ ಭೂಸಂಪರ್ಕ ಸೇರುತ್ತದೆ. ಆ ಅಲ್ಪ ವಿದ್ಯುತ್ತಿಗೆ ದೊಡ್ಡ ಬಲ್ಬು ಹೊತ್ತುವುದಿಲ್ಲ, ಎಲ್‌ಇಡಿ ಹೊತ್ತಿಬಿಡುತ್ತದೆ. ಸೂಚಕ ಬಲ್ಬಿನ ಒಂದು ತುದಿಯನ್ನು ಭೂಸಂಪರ್ಕಕ್ಕೆ ಕೊಟ್ಟು, ಇನ್ನೊಂದು ತುದಿಗೆ ಎಡ ಮತ್ತು ಬಲ ತಂತಿಗಳಿಂದ ಒಂದೊಂದು ಡಯೋಡ್ ಜೋಡಿಸಿದರೆ ಸಮಸ್ಯೆ ನೀಗುತ್ತದೆ. ಡಯೋಡ್ ಒಂದೇ ದಿಕ್ಕಿಗೆ ವಿದ್ಯುತ್ ಬಿಡುವುದರಿಂದ ಎಡದ ವಿದ್ಯುತ್ ಬಲಕ್ಕೆ ನುಸುಳುವುದಿಲ್ಲ.

ಕೆಂಪು ತ್ರಿಕೋನ ಒತ್ತಿದಾಗ

ಈಗ ಆರಂಭದ ದೃಶ್ಯಕ್ಕೆ ಮರಳೋಣ. ಸಾಂಪ್ರದಾಯಿಕ ವೈರಿಂಗಿನಲ್ಲಿ ಫ್ಲಾಷರಿಗೆ ವಿದ್ಯುತ್ ಬರುವುದು ಇಗ್ನಿಷನ್ ಸ್ವಿಚ್ಚಿನ ಮೂಲಕ. ಕೀಲಿ ತಿರುಗಿಸದ ಹೊರತು ಇಂಡಿಕೇಟರ್ ಕೆಲಸ ಮಾಡದು. ಜರ್ಮನಿಯ ಮಾನಕದ ಸಂಖ್ಯೆಗಳಂತೆ, ಫ್ಲಾಷರಿಗೆ ವಿದ್ಯುತ್ ಒಳಬರುವ ತುದಿ 49, ಮಿನುಗು ಹೊರಬರುವ ತುದಿ 49ಎ, ಭೂಸಂಪರ್ಕದ ತುದಿ 31. ಅನೇಕ ಫ್ಲಾಷರುಗಳ ಮೇಲೆ ಈ ಅಂಕಿಗಳನ್ನು ಇಂದಿಗೂ ಕಾಣಬಹುದು. ಸ್ಟೀರಿಂಗ್ ಕೆಳಗಿನ ಕಡ್ಡಿಯು 49ಎಯಿಂದ ಬಂದ ಮಿನುಗನ್ನು ಎಡದ ತಂತಿಗೋ ಬಲದ ತಂತಿಗೋ ತಲುಪಿಸುತ್ತದೆ. ತಿರುವು ಮುಗಿದು ಸ್ಟೀರಿಂಗ್ ಚಕ್ರ ನೇರವಾಗುವಾಗ ಅದರ ದಂಡದಲ್ಲಿರುವ ಒಂದು ಉಬ್ಬು ಕಡ್ಡಿಯನ್ನು ತಳ್ಳಿ ಹಿಂದಿನ ಸ್ಥಾನಕ್ಕೆ ತರುತ್ತದೆ.

ಹಜಾರ್ಡ್ ಸ್ವಿಚ್ ಒತ್ತಿದಾಗ ಏಕಕಾಲಕ್ಕೆ ಎರಡು ಬದಲಾವಣೆಗಳಾಗುತ್ತವೆ. ಮೊದಲನೆಯದಾಗಿ, ಫ್ಲಾಷರಿನ ಪೂರೈಕೆ ಇಗ್ನಿಷನ್ ದಾರಿಯಿಂದ ನೇರ ಬ್ಯಾಟರಿ ದಾರಿಗೆ ಬದಲಾಗುತ್ತದೆ. ಎಂಜಿನ್ ಬಂದಾಗಿ ಕೀಲಿ ತೆಗೆದಿದ್ದರೂ ಎಚ್ಚರಿಕೆ ನಡೆಯಬೇಕೆಂಬುದೇ ಇದರ ಉದ್ದೇಶ. ಎರಡನೆಯದಾಗಿ, ಎಡದ ಮತ್ತು ಬಲದ ತಂತಿಗಳು 49ಎಯೊಡನೆ ಒಂದಾಗಿ ಬೆಸೆದುಕೊಳ್ಳುತ್ತವೆ. ಇನ್ನು ಕಡ್ಡಿಯನ್ನು ಎಡಕ್ಕೆ ಒತ್ತಿದರೂ ಬಲಕ್ಕೆ ಒತ್ತಿದರೂ ಯಾವ ವ್ಯತ್ಯಾಸವೂ ಆಗುವುದಿಲ್ಲ, ಏಕೆಂದರೆ ಎರಡೂ ಬದಿಗೆ ಆಗಲೇ ವಿದ್ಯುತ್ ಹರಿಯುತ್ತಿದೆ. ತಿರುಗುವೆನೆಂದು ಹೇಳುವ ಸಾಮರ್ಥ್ಯವನ್ನೇ ವಾಹನ ಕಳೆದುಕೊಂಡಿರುತ್ತದೆ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಮಂಜು ಕವಿದಾಗ ಹಜಾರ್ಡ್ ದೀಪ ಹಾಕಿಕೊಂಡು ಸಾಗುವ ವಾಹನಗಳ ಸಾಲನ್ನು ನೋಡಿ. ಅವುಗಳ ನಡುವೆ ಯಾವುದು ನಿಂತಿದೆ, ಯಾವುದು ಚಲಿಸುತ್ತಿದೆ, ಯಾವುದು ಬಲಕ್ಕೆ ಸರಿಯಲಿದೆ ಎಂಬುದನ್ನು ಹಿಂದಿನವರು ಊಹಿಸಬೇಕಷ್ಟೆ. ಚಲಿಸುವ ವಾಹನಕ್ಕೆ ಆಗ ಬೇಕಾದದ್ದು ತಗ್ಗಿಸಿದ ಹೆಡ್‌ಲೈಟ್, ಇದ್ದರೆ ಮಂಜುದೀಪ, ಮತ್ತು ಕಡಿಮೆ ವೇಗ. ಹಜಾರ್ಡ್ ಸಂಜ್ಞೆ ಇರುವುದು ವಾಹನವು ತಾತ್ಕಾಲಿಕವಾಗಿ ಇತರರಿಗೆ ವಿಶೇಷ ಅಪಾಯವಾಗಿ ಪರಿಣಮಿಸಿದೆ ಎಂದು ತಿಳಿಸಲು. ಕೆಟ್ಟು ನಿಂತ ಲಾರಿ, ಟಯರ್ ಸಿಡಿದ ಕಾರು, ಅಪಘಾತಕ್ಕೀಡಾದ ಬಸ್ಸು ಇದಕ್ಕೆ ಉದಾಹರಣೆಗಳು.

ಕೆಟ್ಟು ನಿಂತ ವಾಹನಕ್ಕೂ ಈ ದೀಪವೊಂದನ್ನೇ ನೆಚ್ಚುವಂತಿಲ್ಲ. 21 ವ್ಯಾಟಿನ ನಾಲ್ಕು ಬಲ್ಬು, ಪಕ್ಕದ 5 ವ್ಯಾಟಿನ ಎರಡು ಬಲ್ಬು ಸೇರಿದರೆ 94 ವ್ಯಾಟ್, ಅಂದರೆ ಸುಮಾರು 7.8 ಆಂಪಿಯರ್. ಅರ್ಧ ಕಾಲ ಮಾತ್ರ ಹೊತ್ತಿರುವುದರಿಂದ ಸರಾಸರಿ 3.9 ಆಂಪಿಯರ್. ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದಾಗಿದ್ದು ಪೂರ್ತಿ ತುಂಬಿದ್ದರೆ ಲೆಕ್ಕದ ಪ್ರಕಾರ ಒಂಬತ್ತು ಗಂಟೆ ಬಾಳಬೇಕು. ವಾಸ್ತವದಲ್ಲಿ ಅದಕ್ಕೂ ಬಹಳ ಮುಂಚೆಯೇ ಎಂಜಿನ್ ಚಾಲೂ ಮಾಡುವ ಶಕ್ತಿ ಉಡುಗಿರುತ್ತದೆ. ಇಡೀ ರಾತ್ರಿ ಹೆದ್ದಾರಿಯಲ್ಲಿ ನಿಲ್ಲಬೇಕಾದ ವಾಹನದ ಹಿಂದೆ ಬೆಳಕನ್ನು ಪ್ರತಿಫಲಿಸುವ ಎಚ್ಚರಿಕೆಯ ತ್ರಿಕೋನವನ್ನು ಇಡಲೇಬೇಕಾದದ್ದು ಇದಕ್ಕಾಗಿ. ಅದಕ್ಕೆ ಬ್ಯಾಟರಿ ಬೇಕಿಲ್ಲ.

ದೀಪಗಳು ಗಣಕದ ವಶಕ್ಕೆ

ಇತ್ತೀಚಿನ ಕಾರುಗಳಲ್ಲಿ ಪ್ರತ್ಯೇಕ ಫ್ಲಾಷರ್ ಹುಡುಕಿದರೂ ಸಿಗದು. ಅದರ ಕೆಲಸವನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಗಣಕ ವಹಿಸಿಕೊಂಡಿದೆ. ಕಡ್ಡಿಯನ್ನು ಸರಿಸಿದಾಗ ಬಲ್ಬಿನ ವಿದ್ಯುತ್ ಅದರ ಮೂಲಕ ಹರಿಯುವುದಿಲ್ಲ, ‘ಎಡ’ ಎಂಬ ಸಂದೇಶ ಮಾತ್ರ ಗಣಕಕ್ಕೆ ತಲುಪುತ್ತದೆ. ವಾಹನದ ವಿವಿಧ ಗಣಕಗಳು ಪರಸ್ಪರ ಮಾತಾಡುವುದು ಬಹುಪಾಲು ಕ್ಯಾನ್ ಎಂಬ ಜಾಲದ ಮೂಲಕ. ಜರ್ಮನಿಯ ಬಾಷ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಈ ಜಾಲವನ್ನು 1986ರಲ್ಲಿ ಜಗತ್ತಿಗೆ ಪರಿಚಯಿಸಲಾಯಿತು.

ಗಣಕವು ರಿಲೇಯ ಬದಲು ಅರೆವಾಹಕ ಸ್ವಿಚ್ಚುಗಳ ಮೂಲಕ ದೀಪಗಳನ್ನು ಹೊತ್ತಿಸುತ್ತದೆ. ಈ ಸ್ವಿಚ್ಚುಗಳು ತಮ್ಮ ಮೂಲಕ ಹರಿಯುವ ವಿದ್ಯುತ್ತನ್ನು ತಾವೇ ಅಳೆದು ವರದಿ ಮಾಡಬಲ್ಲವು. ಹಾಗಾಗಿ ಯಾವ ಮೂಲೆಯ ದೀಪ ಕೆಟ್ಟಿದೆ ಎಂಬುದನ್ನೂ ಹೇಳಬಹುದು. ಲೋಹದ ನಾಲಿಗೆಯೇ ಇಲ್ಲದ ಮೇಲೆ ಸದ್ದು ಎಲ್ಲಿಂದ ಬರಬೇಕು? ಅನೇಕ ಕಾರುಗಳಲ್ಲಿ ‘ಟಿಕ್ ಟಿಕ್’ ಸದ್ದನ್ನು ಮೀಟರ್ ಫಲಕದ ಪುಟ್ಟ ಸ್ಪೀಕರಿನಿಂದ ಹೊರಡಿಸಲಾಗುತ್ತದೆ. ಒಂದು ಕಾಲಕ್ಕೆ ತಾನಾಗಿ ಹುಟ್ಟಿದ್ದ ಸದ್ದನ್ನು ಈಗ ಬೇಕೆಂದೇ ನುಡಿಸಬೇಕಾಗಿದೆ.

ಲಯವು ತಂತ್ರಾಂಶದ ವಶವಾದ್ದರಿಂದ ಹೊಸ ಸೌಲಭ್ಯಗಳೂ ಬಂದಿವೆ. ಕಡ್ಡಿಯನ್ನು ಒಮ್ಮೆ ಮೆಲ್ಲಗೆ ತಟ್ಟಿದರೆ ಮೂರು ಬಾರಿ ಮಿನುಗಿ ನಿಲ್ಲುವ ವ್ಯವಸ್ಥೆ ಲೇನ್ ಬದಲಿಸುವಾಗ ಅನುಕೂಲ. ಗಂಟೆಗೆ 50 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿರುವಾಗ ಚಾಲಕರು ಜೋರಾಗಿ ಬ್ರೇಕ್ ಒತ್ತಿದರೆ ದೀಪಗಳು ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ಮಿನುಗುವ ತುರ್ತು ನಿಲುಗಡೆ ಸಂಜ್ಞೆಗೂ ವಿಶ್ವಸಂಸ್ಥೆಯ 48ನೇ ನಿಯಮಾವಳಿ ಅವಕಾಶ ಕಲ್ಪಿಸಿದೆ. ಸಾಮಾನ್ಯ ಇಂಡಿಕೇಟರಿಗಿಂತ ಎದ್ದು ಕಾಣುವಷ್ಟು ವೇಗದ ಈ ಮಿನುಗನ್ನು ಹಿಂದಿನವರು ತಿರುವಿನ ಸೂಚನೆಯೆಂದು ತಪ್ಪು ತಿಳಿಯಲಾರರು.

ಲಕ್ಷಣ ನೋಡಿ ದೋಷ ಅರಿಯಿರಿ

ಸಾಂಪ್ರದಾಯಿಕ ವೈರಿಂಗ್ ಇರುವ ವಾಹನಗಳಲ್ಲಿ, ಗ್ಯಾರೇಜಿಗೆ ಹೋಗುವ ಮುನ್ನವೇ ದೋಷವನ್ನು ಊಹಿಸಲು ಈ ಲಕ್ಷಣಗಳು ನೆರವಾಗುತ್ತವೆ.

ಒಂದೇ ಬದಿಯಲ್ಲಿ ವೇಗವಾಗಿ ಮಿನುಗಿದರೆ ಆ ಬದಿಯ ಬಲ್ಬು ಸುಟ್ಟಿದೆ, ಇಲ್ಲವೇ ಹೋಲ್ಡರಿನಲ್ಲಿ ತುಕ್ಕು ಹಿಡಿದು ಸಂಪರ್ಕ ತಪ್ಪಿದೆ.

ಎರಡೂ ಬದಿಯ ದೀಪಗಳು ಮಿನುಗದೆ ಸ್ಥಿರವಾಗಿ ಉರಿದರೆ ಫ್ಲಾಷರಿನ ಸಂಪರ್ಕ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು.

ಹಜಾರ್ಡ್ ಕೆಲಸ ಮಾಡುತ್ತಿದ್ದು ಇಂಡಿಕೇಟರ್ ಮಾತ್ರ ಸತ್ತಿದ್ದರೆ ಬಲ್ಬು ಮತ್ತು ಫ್ಲಾಷರ್ ಸರಿಯಿವೆ ಎಂದರ್ಥ. ಇಗ್ನಿಷನ್ ದಾರಿಯ ಫ್ಯೂಸನ್ನೂ ಹಜಾರ್ಡ್ ಸ್ವಿಚ್ಚನ್ನೂ ಪರೀಕ್ಷಿಸಬೇಕು. ಹಲವು ವಾಹನಗಳಲ್ಲಿ ಇಂಡಿಕೇಟರಿನ ವಿದ್ಯುತ್ ಹಜಾರ್ಡ್ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಅಪರೂಪಕ್ಕೆ ಬಳಸುವ ಆ ಸ್ವಿಚ್ಚಿನಲ್ಲಿ ಕಿಲುಬು ಕಟ್ಟಿದ್ದರೆ ನಾಲ್ಕಾರು ಬಾರಿ ಒತ್ತಿ ಬಿಡುವುದರಿಂದಲೇ ಸರಿಹೋಗುವುದುಂಟು.

ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಮಂದವಾಗಿ ಮಿನುಗಿದರೆ ಆ ದೀಪದ ಗುಂಪಿನ ಭೂಸಂಪರ್ಕ ಸಡಿಲವಾಗಿದೆ. ಹಿಂದಿರುಗುವ ದಾರಿ ಸಿಗದ ವಿದ್ಯುತ್ ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತಿರುತ್ತದೆ.

ಸಂಜ್ಞೆಗೆ ಒಂದೇ ಅರ್ಥವಿರಲಿ

ದ್ವಿಲೋಹ ಪಟ್ಟಿಯಿಂದ ಗಣಕದವರೆಗೆ ಈ ವ್ಯವಸ್ಥೆ ಬಹುದೂರ ಸಾಗಿ ಬಂದಿದೆ. ಬಲ್ಬು ಸುಟ್ಟದ್ದನ್ನು ಅದು ತಿಳಿಯಬಲ್ಲದು, ಬ್ಯಾಟರಿ ಏರಿಳಿದರೂ ಲಯ ಕಾಯ್ದುಕೊಳ್ಳಬಲ್ಲದು, ಎಂಜಿನ್ ನಿಂತರೂ ಎಚ್ಚರಿಸಬಲ್ಲದು. ಆದರೆ ಚಾಲಕರ ಮನಸ್ಸಿನಲ್ಲೇನಿದೆ ಎಂಬುದನ್ನು ಯಾವ ಷಂಟ್ ಕೂಡ ಅಳೆಯಲಾರದು. ನೇರವಾಗಿ ಹೋಗುವುದಕ್ಕೆ ಪ್ರತ್ಯೇಕ ದೀಪವನ್ನು ಯಾರೂ ರೂಪಿಸಿಲ್ಲ, ಏಕೆಂದರೆ ಅದರ ಅಗತ್ಯವೇ ಇಲ್ಲ. ಯಾವ ಇಂಡಿಕೇಟರೂ ಮಿನುಗದಿರುವುದೇ ‘ನೇರವಾಗಿ ಹೋಗುತ್ತಿದ್ದೇನೆ’ ಎಂಬ ಸಂಜ್ಞೆ.

ನಾಲ್ಕು ರಸ್ತೆ ಕೂಡುವಲ್ಲಿ ಕಾಯುತ್ತಿರುವ ಆ ಸ್ಕೂಟರ್ ಸವಾರರಿಗೆ ಕಾಣುವುದು ನಮ್ಮ ವಾಹನದ ಒಂದು ಬದಿ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡರೆ, ಕೆಂಪು ತ್ರಿಕೋನದತ್ತ ಸಾಗುವ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ.